ನಾಲ್ಕನೇ ನಮೂನೆಯ ಹುಲ್ಲು

ಮಾರ್ಚ್ 4, ಮಂಗಳವಾರ

ಇವತ್ತು ಭಾವ ದಯಮಾಡಿಸಿದ್ದರು. ನನ್ನ ಹೆಂಡತಿಯ ಅಣ್ಣ. ಅವರಿಗೆ ನಾನು ಭಾವ, ನನಗೆ ಅವರು ಭಾವ. ಹೀಗೆ ಮೂವತ್ತು ವರ್ಷದಿಂದ ಒಬ್ಬರನ್ನೊಬ್ಬರು ಮರ್ಯಾದೆಯಿಂದ ಸಹಿಸಿಕೊಂಡು ಬಂದಿದ್ದೇವೆ. ನಮ್ಮ ಮನೆಯ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತರು. ಸೊಂಟ ಮುರಿದುಕೊಂಡ ತಂಗಿಯನ್ನು ಆಸ್ಪತ್ರೆಯಿಂದ ನೇರವಾಗಿ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದಾರಲ್ಲ, ಆ ಉಪಕಾರವನ್ನು ಮುಖದ ಮೇಲೇ ಅಂಟಿಸಿಕೊಂಡು ಓಡಾಡುತ್ತಿದ್ದಾರೆ.

“ಭಾವನೋರೇ, ನೇರವಾಗಿ ಹೇಳ್ಬಿಡ್ತೀನಿ. ತಿಂಗಳ ಕೊನೆಗೆ ಅವಳನ್ನ ಕರ್ಕೊಂಡ್ ಬರ್ತೀನಿ. ಅಷ್ಟ್ರೊಳಗೆ ಒಂದೋ ನಿಮ್ ಹಿತ್ತಲಲ್ಲಿ ಕೆಸರು ಇರಬಾರ್ದು, ಇಲ್ಲಾ ಈ ಮನೇಲಿ ನಾಯಿ ಇರಬಾರ್ದು. ನಾಯಿ ತಂದ ಕೆಸರಲ್ಲಿ ಇನ್ನೊಂದ್ಸಲ ಜಾರಿ ಬಿದ್ರೆ ಅವಳು ಏಳೋದಿಲ್ಲ ಅಂತ ಡಾಕ್ಟ್ರೇ ಹೇಳಿದಾರೆ.”

ನಾಯಿಗೆ ಜಾಗವನ್ನೂ ಗೊತ್ತು ಮಾಡಿಕೊಂಡೇ ಬಂದಿದ್ದಾರೆ. ಅವರ ಸ್ನೇಹಿತರೊಬ್ಬರ ಗೋದಾಮು. ಗೇಟಿನ ಪಕ್ಕದಲ್ಲಿ ಸರಪಳಿ ಹಾಕಿ ಕಟ್ಟುತ್ತಾರಂತೆ, ಬಿಚ್ಚುವುದೇ ಇಲ್ಲವಂತೆ. “ಊಟಕ್ಕೇನೂ ತೊಂದ್ರೆ ಇಲ್ಲ” ಅಂದರು.

ನನಗೇನು? ಆ ಪ್ರಾಣಿ ನನ್ನದಲ್ಲ. ಎಂಟು ವರ್ಷದ ಹಿಂದೆ ಹೆಂಡತಿ ತಂದಳು, ಮೊದ್ದು ಅಂತ ಹೆಸರಿಟ್ಟಳು, ಅದು ಹೆಸರಿಗೆ ತಕ್ಕ ಹಾಗೆ ಬೆಳೆಯಿತು. ನಾನು ಅದರ ತಲೆ ಸವರಿದವನೂ ಅಲ್ಲ, ಅವಳು ಬೀಳುವವರೆಗೆ ಅದಕ್ಕೆ ಊಟ ಹಾಕಿದವನೂ ಅಲ್ಲ. ಆದರೂ ಭಾವ ಹೇಳಿದ್ದಕ್ಕೆಲ್ಲ ಗೋಣು ಆಡಿಸುವುದು ನನ್ನ ಜಾಯಮಾನವಲ್ಲ. “ಹಿತ್ತಲಿಗೆ ಪ್ಲಾಸ್ಟಿಕ್ ಹುಲ್ಲು ಹಾಕಿಸ್ತೀನಿ, ಕೆಸರೇ ಇರಲ್ಲ” ಅಂದುಬಿಟ್ಟೆ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಅವತ್ತು ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು. ಅಡುಗೆಮನೆಯ ಹಿಂಬಾಗಿಲ ಹತ್ತಿರ ಕೆಸರಿತ್ತು, ಅವಳು ಜಾರಿದಳು. ಅದನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ.

ಮಾರ್ಚ್ 6, ಗುರುವಾರ

ಹುಲ್ಲಿನ ಅಂಗಡಿ. ಹೊರಗೆ ನಿಜವಾದ ಮರದ ಮೇಲೆ ನಿಜವಾದ ಕಾಗೆ ಕೂಗುತ್ತಿತ್ತು, ಅದು ಕೇಳದ ಹಾಗೆ ಬಾಗಿಲು ಮುಚ್ಚಿ ಒಳಗೆ ಸ್ಪೀಕರಿನಲ್ಲಿ ಹಕ್ಕಿಗಳನ್ನು ಕೂಗಿಸುತ್ತಿದ್ದರು. ಗೋಡೆಗೂ ಹುಲ್ಲು, ಮೇಜಿಗೂ ಹುಲ್ಲು. ಹಸಿರು ಟೈ ಕಟ್ಟಿಕೊಂಡವನೊಬ್ಬ ಓಡಿ ಬಂದ.

“ಸರ್, ನಿಮ್ಗೆ ಯಾವ ಥರ ಫೀಲ್ ಬೇಕು?”

“ಫೀಲ್ ಬೇಕಾಗಿರೋದು ನನಗಲ್ಲ, ನಾಯಿಗೆ.”

“ಓ, ಪೆಟ್ ಪೇರೆಂಟಾ ಸರ್ ನೀವು!”

ಕಾರ್ಖಾನೆಯಲ್ಲಿ ನನ್ನನ್ನು ಕಲ್ಲುಮುಖ ಅಂದಿದ್ದಾರೆ, ಮುಂಗೋಪಿ ಅಂದಿದ್ದಾರೆ, ಬೆನ್ನ ಹಿಂದೆ ಇನ್ನೂ ಏನೇನೋ ಅಂದಿದ್ದಾರೆ. ನಾಯಿಯ ಅಪ್ಪ ಅಂದವನು ಇವನೇ ಮೊದಲು. ಹಸಿರು ಟೈ ಹೇಳಿದ ಹೆಸರುಗಳನ್ನು ಕೇಳಬೇಕು: ರಾಯಲ್ ವ್ಯಾಲಿ, ಮಾರ್ನಿಂಗ್ ಡ್ರೀಮ್, ಎಮರಾಲ್ಡ್ ಕಿಸ್. ಎಲ್ಲವೂ ಒಂದೇ ಪ್ಲಾಸ್ಟಿಕ್, ಎಳೆಯ ಉದ್ದ ಬೇರೆ. ತಳದಲ್ಲಿ ತೂತು ಎಷ್ಟು ದೂರಕ್ಕೊಂದಿದೆ ಅಂತ ಕೇಳಿದೆ. “ಸಾಕಷ್ಟಿದೆ ಸರ್” ಅಂದ. ಬಿಸಿಲಿಗೆ ಎಷ್ಟು ಕಾಯುತ್ತದೆ ಅಂದೆ. “ಕೂಲ್ ಟೆಕ್ನಾಲಜಿ ಸರ್” ಅಂದ. ಮಳ್ಳ.

ಮೂವತ್ತೊಂದು ವರ್ಷ ಬೂಟು ಚಪ್ಪಲಿಗಳ ಅಟ್ಟೆ ಪರೀಕ್ಷೆ ಮಾಡಿದವನು ನಾನು. ಎಷ್ಟು ಬಗ್ಗುತ್ತದೆ, ಎಷ್ಟು ಸವೆಯುತ್ತದೆ, ಒದ್ದೆ ನೆಲದ ಮೇಲೆ ಎಷ್ಟು ಜಾರುತ್ತದೆ, ಎಲ್ಲ ನೋಡಿ ಮುದ್ರೆ ಒತ್ತಿದವನು. ಇಂಥವನಿಗೆ ‘ಸಾಕಷ್ಟಿದೆ’ ಅಂತ ಕಥೆ ಹೇಳಿದರೆ ಆದೀತೇ? ಅಂಗೈಯಗಲದ ಆರು ನಮೂನೆಗಳನ್ನು ಕಿತ್ತುಕೊಂಡೇ ಬಂದೆ. ಹೆಸರುಗಳನ್ನು ಹರಿದು ಬಿಸಾಕಿ ಒಂದರಿಂದ ಆರರವರೆಗೆ ಸಂಖ್ಯೆ ಬರೆದಿದ್ದೇನೆ.

ಮಾರ್ಚ್ 9, ಭಾನುವಾರ

ಬಿಸಿಲಿನ ಪರೀಕ್ಷೆ. ಮಧ್ಯಾಹ್ನ ಎರಡು ಗಂಟೆಗೆ ಆರನ್ನೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿಟ್ಟು, ಕಾರ್ಖಾನೆಯವರು ಬೀಳ್ಕೊಡುವಾಗ ಕೊಟ್ಟ ಥರ್ಮಾಮೀಟರ್ ಹಿಡಿದು ಕೂತೆ. ಒಂದು ಮತ್ತು ಆರು ಬೆಂಕಿ. ಎರಡು ಪರವಾಗಿಲ್ಲ. ಮೂರು, ನಾಲ್ಕು, ಐದು ಸಾಧಾರಣ. ನೀರು ಇಳಿಯುವ ಪರೀಕ್ಷೆಯಲ್ಲಿ ಎರಡನೆಯದು ಸತ್ತಿತು, ಮೇಲೆ ಕೊಳದ ಹಾಗೆ ನಿಂತಿತು. ಹಸಿರು ಟೈನ ಪ್ರಕಾರ ಅದೇ ‘ಬೆಸ್ಟ್ ಸೆಲ್ಲರ್’.

ಕೈಯಲ್ಲಿ ಎಳೆ ಕಿತ್ತು ನೋಡುವ ಪರೀಕ್ಷೆ ಮಾಡುತ್ತಿದ್ದಾಗ ಆ ಪ್ರಾಣಿ ಬಂದು ಐದನೆಯದನ್ನು ಕಚ್ಚಿಕೊಂಡು ಓಡಿತು. ಹಿಂದೆಯೇ ಓಡಿ ಮಾವಿನ ಗಿಡದ ಬುಡದಲ್ಲಿ ಹಿಡಿದೆ. ಅರ್ಧ ಎಳೆ ಉದುರಿಹೋಗಿತ್ತು. ನನ್ನ ಬೆರಳಿಗಿಂತ ಅದರ ಹಲ್ಲು ಚೆನ್ನಾಗಿ ಪರೀಕ್ಷೆ ಮಾಡುತ್ತದೆ ಅಂತ ಬರೆದಿಡುತ್ತೇನೆ. ಇದು ಹೊಗಳಿಕೆಯಲ್ಲ, ಇದ್ದದ್ದು ಇದ್ದ ಹಾಗೆ.

ಜಾರುವ ಪರೀಕ್ಷೆಯೊಂದು ಬಾಕಿ. ನಾಳೆ ಮಾಡಿದರಾಯಿತು.

ಮಾರ್ಚ್ 10, ಸೋಮವಾರ

ಇವತ್ತಿನ ಮಾನಗೇಡಿತನವನ್ನು ಬೇರೆ ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೂತ್ರದ ವಾಸನೆಯ ಪರೀಕ್ಷೆ ಮಾಡಬೇಕಿತ್ತು. ಆ ಪ್ರಾಣಿ ದಿನಾ ಹೋಗುವ ಜಾಗದಲ್ಲಿ ನಮೂನೆಗಳನ್ನು ಹಾಸಿ ಕಾದೆ. ಅರ್ಧ ಗಂಟೆ ಆಯಿತು. ಅದು ನನ್ನನ್ನೇ ನೋಡುತ್ತ ಕೂತಿತ್ತು. ಕಾಲು ಎತ್ತುವ ಲಕ್ಷಣವೇ ಇಲ್ಲ. ಕೊನೆಗೆ ಹೆಂಡತಿಗೆ ಫೋನ್ ಮಾಡಿದೆ.

“ನೋಡ್ತಾ ನಿಂತ್ರೆ ಅವನು ಹೋಗಲ್ಲ ಕಣ್ರೀ, ಅವನಿಗೆ ನಾಚ್ಕೆ” ಅಂದಳು. “ಬೆನ್ನು ತಿರುಗಿಸ್ಕೊಂಡು ನಿಂತು ಒಂದು ಹಾಡು ಹೇಳಿ. ಹಾಡು ಕೇಳಿಸ್ತಾ ಇದ್ರೆ ನೀವು ನೋಡ್ತಿಲ್ಲ ಅಂತ ಅವನಿಗೆ ಧೈರ್ಯ.”

“ನನಗೆ ಹಾಡು ಬರುತ್ತಾ?”

“ಏನೋ ಒಂದು ಹೇಳಿ. ಅವನೇನು ಬಹುಮಾನ ಕೊಡ್ತಾನಾ?”

ಬೆನ್ನು ತಿರುಗಿಸಿ ನಿಂತೆ. ಒಂದು ಹಾಡೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಬಾಯಿಪಾಠ ಮಾಡಿದ ಅಟ್ಟೆ ಪರೀಕ್ಷೆಯ ಕ್ರಮ: “ಬಗ್ಗಿಸು, ಬಿಡು, ಬಗ್ಗಿಸು, ಬಿಡು, ಸಾವಿರಕ್ಕೊಮ್ಮೆ ಬಿರುಕು ನೋಡು. ಉಜ್ಜು, ತೂಗು, ಬರೆದಿಡು.” ರಾಗವಾಗಿ ಎಳೆದೆ. ಎರಡನೇ ಸುತ್ತಿಗೆ ಹಿಂದೆ ಸದ್ದು ಕೇಳಿಸಿತು. ಅರವತ್ತೆರಡನೆಯ ವಯಸ್ಸಿಗೆ ಈ ಭಾಗ್ಯ.

ತಿರುಗಿ ನೋಡಿದರೆ ಆರರಲ್ಲಿ ನಾಲ್ಕನೆಯದರ ಮೇಲೆ ಮಾತ್ರ ಹೋಗಿತ್ತು. ಉಳಿದವಕ್ಕೆ ನಾನೇ ಅದರಿಂದ ತೆಗೆದು ಹಚ್ಚಬೇಕಾಯಿತು. ಹೇಗೆ ಹಚ್ಚಿದೆ ಅನ್ನುವುದನ್ನು ಬರೆಯುವುದಿಲ್ಲ.

ಮಾರ್ಚ್ 13, ಗುರುವಾರ

ಮೂರನೇ ದಿನದ ವಾಸನೆ. ಮಂಡಿಯೂರಿ ಒಂದೊಂದನ್ನೇ ಮೂಸಿದೆ. ನನ್ನ ಪಕ್ಕದಲ್ಲಿ ನಿಂತು ಅದೂ ಮೂಸಿತು. ಒಂದು: ಥೂ. ಮೂರು: ಥೂ ಥೂ. ನಾಲ್ಕು: ನೀರು ಹಾಕಿದ ಮೇಲೆ ಏನೂ ಇಲ್ಲ. ನಾವಿಬ್ಬರೂ ನಾಲ್ಕನೆಯದಕ್ಕೆ ಒಪ್ಪಿದೆವು.

ಮಾರ್ಚ್ 15, ಶನಿವಾರ

ಭಾವ ಫೋನ್ ಮಾಡಿ, “ಒಂದು ಹುಲ್ಲು ಆರಿಸೋಕೆ ಎಷ್ಟು ದಿನ ಬೇಕು? ಹುಡುಗಿ ನೋಡ್ತಾ ಇದೀರಾ?” ಅಂದರು. ಜೀವಮಾನದಲ್ಲಿ ಒಂದು ಚಪ್ಪಲಿಯನ್ನೂ ತಿರುಗಿಸಿ ನೋಡಿ ಕೊಂಡವರಲ್ಲ ಅವರು. ಹೊಳೆದರೆ ಸಾಕು, ಕಾಲು ತೂರಿಸುತ್ತಾರೆ.

ಮೊದ್ದು ಈಗ ನನ್ನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಮಲಗುತ್ತದೆ. ಓಡಾಡಲು ತೊಂದರೆ. ದಾಟಿಕೊಂಡು ಹೋಗುತ್ತೇನೆ. ಎಬ್ಬಿಸಿದರೆ ಮತ್ತೆ ನಿದ್ದೆ ಬರಲಿಕ್ಕೆ ಅದು ಬಹಳ ಹೊತ್ತು ಸುತ್ತುತ್ತದೆ.

ಮಾರ್ಚ್ 18, ಮಂಗಳವಾರ

ಭಾವನ ಮನೆಗೆ ಹೋಗಿ ಅವಳನ್ನು ನೋಡಿಕೊಂಡು ಬಂದೆ. ನಾಲ್ಕು ಕಾಲಿನ ಊರುಗೋಲು ಹಿಡಿದು ಕಿಟಕಿಯಿಂದ ಬಾಗಿಲವರೆಗೆ ನಡೆದು ತೋರಿಸಿದಳು. ಬೆವರುತ್ತಿದ್ದಳು. ಚೆನ್ನಾಗಿದೆ ಅಂದೆ. ಅದಕ್ಕಿಂತ ಒಳ್ಳೆಯ ಮಾತು ಬರಲಿಲ್ಲ.

ನಾಲ್ಕನೇ ನಮೂನೆಯ ವಿಚಾರವನ್ನೆಲ್ಲ ಹೇಳಿದೆ. ತಳದ ತೂತು, ಎಳೆಯ ಗಟ್ಟಿತನ, ವಾಸನೆ. ಅವಳು ಕೇಳುತ್ತಲೇ ನನ್ನ ಕಾಲು ನೋಡುತ್ತಿದ್ದಳು.

“ಚಪ್ಪಲಿ ಹೊಸದಾ?”

“ಹೂಂ.”

“ಹಳೇದು ಏನಾಯ್ತು?”

“ಸವೆದಿತ್ತು.”

ಸೊಂಟ ಮುರಿದುಕೊಂಡು ಮಲಗಿದವಳಿಗೆ ನನ್ನ ಚಪ್ಪಲಿಯ ಚಿಂತೆ ಯಾಕೆ? ಹೆಂಗಸರ ತಲೆ ಎಲ್ಲೆಲ್ಲೋ ಓಡುತ್ತದೆ. ಭಾವನ ಮನೆಯ ಕಾಫಿ ಎಂದಿನಂತೆ ನೀರು.

ಮಾರ್ಚ್ 22, ಶನಿವಾರ

ಮೇಸ್ತ್ರಿ ಬಂದು ಹುಲ್ಲು ಹಾಸಿದ. ಮಣ್ಣು ಕೆತ್ತಿ, ಜಲ್ಲಿ ಹಾಕಿ, ಕುಟ್ಟಿ, ಮರಳು ಹರಡಿ, ಮೇಲೆ ಚಾಪೆ ಹಾಸಿದ ಹಾಗೆ ಹಾಸಿ ಮೊಳೆ ಹೊಡೆದ. ಕೆಲಸ ಗೊತ್ತಿದ್ದವನು, ಬಾಯಿ ಮಾತ್ರ ಉದ್ದ.

“ಏನಕ್ಕೆ ಸಾರ್ ಇಷ್ಟೆಲ್ಲಾ ಖರ್ಚು?”

“ನಾಯಿ ಕಾಲಲ್ಲಿ ಕೆಸರು ಒಳಗೆ ಬರುತ್ತೆ.”

ಅವನು ನಕ್ಕುಬಿಟ್ಟ. “ನಾಯಿ ಪಾದ ಎಷ್ಟಿರುತ್ತೆ ಸಾರ್, ಅದರಲ್ಲಿ ಎಷ್ಟು ಕೆಸರು ಬಂದೀತು? ನಾನು ಎಷ್ಟು ಮನೆ ನೋಡಿಲ್ಲ. ಕೆಸರು ಬರೋದೆಲ್ಲ ಮನುಷ್ಯರ ಚಪ್ಪಲೀಲಿ. ಬಾಗಿಲ ಆಚೆ ಚಪ್ಪಲಿ ಬಿಟ್ಟಿದ್ರೆ ಸಾಕಿತ್ತು.”

“ನಿನ್ನ ಕೆಲಸ ಎಷ್ಟೋ ಅಷ್ಟು ನೋಡು” ಅಂದೆ. ದನಿ ಜೋರಾಯಿತು. ಅವನು ಸುತ್ತಿಗೆ ಎತ್ತಿಕೊಂಡ. ಬಂದವರೆಲ್ಲ ನನಗೆ ಬುದ್ಧಿ ಹೇಳುವವರೇ.

ಮಾರ್ಚ್ 23, ಭಾನುವಾರ

ಮೊದ್ದು ಹುಲ್ಲಿನ ಮೇಲೆ ಕಾಲಿಡಲು ಒಪ್ಪುತ್ತಿಲ್ಲ. ಮೂರು ವಾರ ಯಾರಿಗೋಸ್ಕರ ಒದ್ದಾಡಿದೆನೋ ಆ ಮಹಾಶಯ ಹೊಸ್ತಿಲ ಮೇಲೆ ನಿಂತು, ಒಂದು ಪಾದ ಇಟ್ಟು, ಸುಟ್ಟುಕೊಂಡವರ ಹಾಗೆ ಹಿಂದಕ್ಕೆ ತೆಗೆದ. ನಾನೇ ಮೊದಲು ಹೋಗಿ ಕೂತೆ. ಬರಲಿಲ್ಲ. ಮಲಗಿದೆ. ಆಗ ಬಂದು ನನ್ನ ಕಿವಿ ಮೂಸಿ, ಪಕ್ಕದಲ್ಲಿ ಧೊಪ್ಪೆಂದು ಬಿದ್ದುಕೊಂಡ. ಪರೀಕ್ಷೆಯ ದೃಷ್ಟಿಯಿಂದ ಒಂದು ಗಂಟೆ ಹಾಗೇ ಇದ್ದೆವು. ಎಳೆ ಕೆನ್ನೆಗೆ ಚುಚ್ಚುವುದಿಲ್ಲ.

ಸಂಜೆ ಬೆನ್ನು ತಿರುಗಿಸಿ ನಿಂತು ‘ಬಗ್ಗಿಸು, ಬಿಡು’ ಏಳು ಸುತ್ತು ಹೇಳಿದೆ. ಏಳನೆಯದಕ್ಕೆ ಹೋದ! ಹೊಸ ಹುಲ್ಲಿನ ಮೇಲೆ! “ಭೇಷ್ ಮಗನೇ” ಅಂತ ಕೂಗಿದ್ದು ಪಕ್ಕದ ಮನೆಯವರಿಗೆ ಕೇಳಿಸಿರಬೇಕು. ಕೇಳಿಸಲಿ, ಅವರೇನು ದೊಡ್ಡ ಮನುಷ್ಯರಾ.

ಮಾರ್ಚ್ 28, ಶುಕ್ರವಾರ

ಭಾವ ತಪಾಸಣೆಗೆ ಬಂದರು. ಹೊಳೆಯುವ ಬೂಟು ಹಾಕಿಕೊಂಡು ಹಿತ್ತಲಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಹುಲ್ಲನ್ನು ಒಮ್ಮೆ ತುಳಿದು ನೋಡಿ, “ಪರವಾಗಿಲ್ಲ” ಅಂದರು. ಇಪ್ಪತ್ತನಾಲ್ಕು ದಿನದ ಕೆಲಸಕ್ಕೆ ಒಂದು ‘ಪರವಾಗಿಲ್ಲ’. ಆಮೇಲೆ ಮೊದ್ದುವನ್ನು ನೋಡುತ್ತ ನಿಂತೇ ಇದ್ದರು. ಹಾಗೆ ನೋಡಿದರೆ ಅವನು ಹೋಗುವುದಿಲ್ಲ ಅಂತ ಹೇಳಬೇಕಿತ್ತು, ಹೇಳಲು ನಾಚಿಕೆಯಾಯಿತು. ಪಾಪ, ತಡೆದೂ ತಡೆದೂ ಕೊನೆಗೆ ಒಳಗೆ ಓಡಿ ಅಡುಗೆಮನೆಯ ಬಾಗಿಲಲ್ಲೇ ಹೊಯ್ದುಬಿಟ್ಟ. ಅವಳು ಬಿದ್ದ ಜಾಗದಲ್ಲೇ.

ಭಾವ ಕೂಗಾಡಲಿಲ್ಲ. “ಮುಗೀತು ಭಾವನೋರೇ. ಕೆಸರಾದ್ರೇನು, ಇದಾದ್ರೇನು? ನನ್ನ ತಂಗಿ ಕಾಲಿಡೋ ಜಾಗ ಇದು. ನಾಳೆ ಬೆಳಿಗ್ಗೆ ಗಾಡಿ ತರ್ತೀನಿ” ಅಂದು ಹೊರಟರು.

ಅವರು ಹೋದ ಮೇಲೆ ಅಟ್ಟದಿಂದ ಚೀಲ ಇಳಿಸಿ ಹಳೆಯ ಚಪ್ಪಲಿ ತೆಗೆದೆ. ಮೂರು ವಾರದಿಂದ ನಾಳೆ ನಾಳೆ ಅಂತ ತಳ್ಳಿದ ಪರೀಕ್ಷೆಯನ್ನು ಈಗ ಮಾಡಿದೆ. ನೆಲ: ಅಡುಗೆಮನೆಯದು, ಒದ್ದೆ. ಅಟ್ಟೆ: ನನ್ನದು. ಮೀನಿನ ಮುಳ್ಳಿನಂಥ ಗೆರೆ, ಒಳಗೆಲ್ಲ ಒಣಗಿದ ಕೆಸರು. ಫಲಿತಾಂಶ: ಜಾರುತ್ತದೆ.

ಬರೆದೇಬಿಡುತ್ತೇನೆ. ಅವತ್ತು ನಾಯಿ ಮಂಚದ ಕೆಳಗೆ ನಿದ್ದೆ ಮಾಡುತ್ತಿತ್ತು. ನಲ್ಲಿ ನಿಲ್ಲಿಸಲು ಹಿತ್ತಲಿಗೆ ಹೋದವನು ನಾನು. ಕನ್ನಡಕ ಮರೆತೆನೆಂದು ಚಪ್ಪಲಿ ಬಿಡದೆ ಒಳಗೆ ಬಂದವನು ನಾನು. ಚಪ್ಪಲಿ ಆಚೆ ಬಿಡಿ ಅಂತ ಅವಳು ಹೇಳಿ ಹೇಳಿ ಸುಸ್ತಾಗಿದ್ದಳು. ಅವಳು ಬಿದ್ದಾಗ ಗುರುತು ಕಣ್ಣಿಗೆ ಹೊಡೆಯುವಂತಿತ್ತು. ಆಂಬುಲೆನ್ಸ್ ಬರುವುದರೊಳಗೆ ಒರೆಸಿದೆ. ಆಸ್ಪತ್ರೆಯಲ್ಲಿ ಭಾವ “ನಾಯಿ ತಂದ ಕೆಸರಾ?” ಅಂದಾಗ “ಹೂಂ” ಅಂದೆ.

ಊರವರ ಅಟ್ಟೆಗೆಲ್ಲ ಮುದ್ರೆ ಒತ್ತಿದ ದೊಡ್ಡ ಪರೀಕ್ಷಕ. ಥೂ ನನ್ನ ಜನ್ಮಕ್ಕೆ.

ಮಾರ್ಚ್ 29, ಶನಿವಾರ

ಎಂಟಕ್ಕೆ ಗಾಡಿ ಬಂತು. ಭಾವ ಸರಪಳಿ ತಂದಿದ್ದರು. ಹೊಸದು, ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಮೊದ್ದು ಬಾಲ ಅಲ್ಲಾಡಿಸುತ್ತ ಹೋಗಿ ತಾನೇ ಕತ್ತು ಕೊಟ್ಟ.

“ಭಾವ, ಬಿಡಿ ಅವನನ್ನ. ಅವತ್ತು ಕೆಸರು ತಂದಿದ್ದು ಅವನಲ್ಲ. ನಾನು. ನನ್ನ ಚಪ್ಪಲಿ” ಅಂತ ಹಳೆಯ ಜೋಡಿಯನ್ನು ಅವರ ಮುಂದೆ ಹಿಡಿದೆ.

ಭಾವ ಚಪ್ಪಲಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಪ್ಪಲಿ ತೆಗೆದುಕೊಂಡು ತಿರುಗಿಸಿ ಅಟ್ಟೆ ನೋಡಿದರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ಗೋದಾಮಿಗೆ ನಿಮ್ಮನ್ನ ಕಳಿಸ್ಬೇಕಲ್ಲ ಭಾವನೋರೇ” ಅಂದರು. ನಗಲಿಲ್ಲ. ಸರಪಳಿ ಬಿಚ್ಚಿ ನನ್ನ ಕೈಗೆ ಕೊಟ್ಟರು. “ಅವಳಿಗೆ ನಾನು ಹೇಳ್ತೀನಿ. ನೀವೂ ಹೇಳ್ಬೇಕು.” ಗಾಡಿ ಹತ್ತುವ ಮೊದಲು ಬಗ್ಗಿ ಮೊದ್ದುವಿನ ತಲೆ ಸವರಿದರು. ಮೂವತ್ತು ವರ್ಷದಲ್ಲಿ ಈ ಮನುಷ್ಯ ಹೀಗೆ ಬಗ್ಗಿದ್ದನ್ನು ನಾನು ನೋಡಿರಲಿಲ್ಲ.

ಮಾರ್ಚ್ 31, ಸೋಮವಾರ

ಅವಳು ಬಂದಳು. ಭಾವ ಬಾಗಿಲವರೆಗೆ ಬಿಟ್ಟು, ಕಾಫಿಗೂ ನಿಲ್ಲದೆ ಹೋದರು. ಮೊದ್ದು ಕುಣಿದಾಡಿ ಅವಳನ್ನೇ ಬೀಳಿಸುತ್ತಾನೇನೋ ಅಂತ ಕುತ್ತಿಗೆಪಟ್ಟಿ ಹಿಡಿದುಕೊಂಡೇ ಇದ್ದೆ. ಊರುಗೋಲು ಊರುತ್ತ ಅಡುಗೆಮನೆಗೆ ಬಂದು ಹಿಂಬಾಗಿಲ ಹತ್ತಿರ ನಿಂತಳು.

“ನಿನಗೊಂದು ಮಾತು ಹೇಳ್ಬೇಕಿತ್ತು” ಅಂದೆ.

“ಅಣ್ಣ ಹೇಳಿದ. ಅವನು ಹೇಳೋಕೆ ಮುಂಚೇನೂ ಗೊತ್ತಿತ್ತು. ಬಿದ್ದಾಗ ನನ್ನ ಮೂಗಿನ ಮುಂದೇನೇ ಇತ್ತಲ್ರೀ ಆ ಗುರುತು. ನಾಯಿಗೆ ಎಂಟು ನಂಬರ್ ಕಾಲಿರುತ್ತಾ?”

“ಮತ್ತೆ ಯಾಕೆ ಸುಮ್ನಿದ್ದೆ?”

ಊರುಗೋಲಿನ ತುದಿಯಿಂದ ಬಿದ್ದ ಜಾಗವನ್ನು ಮುಟ್ಟಿ ತೋರಿಸಿದಳು. “ಚಪ್ಪಲಿ ವಿಷಯ ಬಿಡಿ. ಎಷ್ಟು ವರ್ಷದಿಂದ ನಿಮ್ಮ ಹಿಂದೆ ಹಿಂದೆ ಒರೆಸಿಲ್ಲ ನಾನು. ಆದ್ರೆ ನಾನು ಬಿದ್ಕೊಂಡು ಕಿರುಚ್ತಾ ಇದ್ದೆ. ನೀವು ಓಡಿ ಬಂದ್ರಿ, ನೋಡಿದ್ರಿ, ಮೊದ್ಲು ಬಟ್ಟೆ ತಂದು ನೆಲ ಒರೆಸಿದ್ರಿ. ಆಮೇಲೆ ನನ್ನ ಹತ್ರ ಬಂದ್ರಿ. ಅದನ್ನ ನೀವಾಗೇ ಹೇಳ್ತೀರಾ ಅಂತ ಕಾಯ್ತಿದ್ದೆ.”

ಹೌದು. ಮೊನ್ನೆ ಎಲ್ಲ ಬರೆದುಬಿಟ್ಟೆ ಅಂದುಕೊಂಡಾಗಲೂ ಇದನ್ನು ಬರೆಯಲಿಲ್ಲ. ‘ಆಂಬುಲೆನ್ಸ್ ಬರುವುದರೊಳಗೆ’ ಅಂತ ಬರೆದೆ. ಆಂಬುಲೆನ್ಸಿಗೆ ಫೋನ್ ಮಾಡುವುದಕ್ಕೂ ಮೊದಲೇ ಒರೆಸಿದ್ದೆ. ಬಟ್ಟೆಯನ್ನು ಎರಡು ಸಲ ಹಿಂಡಿದ್ದೆ. ಅಷ್ಟು ಹೊತ್ತೂ ಅವಳು ಕೂಗುತ್ತಿದ್ದಳು, ಮಂಚದ ಕೆಳಗಿಂದ ಎದ್ದು ಓಡಿ ಬಂದ ಮೊದ್ದು ಅವಳ ಪಕ್ಕದಲ್ಲಿ ನಿಂತು ಬೊಗಳುತ್ತಿದ್ದ.

“ಹೌದು, ಮೊದ್ಲು ನೆಲ ಒರೆಸಿದೆ” ಅಂದೆ. “ಹೆದರಿಕೆ ಆಯ್ತು. ನಿನ್ನ ನೋವಿಗಲ್ಲ, ನನ್ನ ಮರ್ಯಾದೆಗೆ.” ಅಳು ಬಂತು. ಅತ್ತೆ.

ಅವಳು ಸಮಾಧಾನವನ್ನೇನೂ ಹೇಳಲಿಲ್ಲ. ಎಲ್ಲ ಸರಿಹೋಯಿತು ಅಂತಲೂ ಅನ್ನಲಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿ ಎಡಗೈ ಚಾಚಿದಳು. “ಬನ್ನಿ, ಕೈ ಹಿಡ್ಕೊಳ್ಳಿ. ಹೊಸ್ತಿಲು ದಾಟ್ಬೇಕು. ಮೂರು ವಾರ ಅದೇನು ಹುಲ್ಲು ಆರಿಸಿದ್ರೋ ನೋಡೋಣ.”

ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಚಪ್ಪಲಿಯನ್ನು ಹುಡುಕಲಿಲ್ಲ, ಬರಿಗಾಲಲ್ಲೇ ಇಳಿದೆ. ಬಿಸಿಲು ಇಳಿದಿತ್ತು, ಹುಲ್ಲು ಬೆಚ್ಚಗಿತ್ತು. ಮೊದ್ದು ನಮ್ಮನ್ನು ದಾಟಿ ಓಡಿ, ಹಿತ್ತಲಿನ ಮೂಲೆಯಲ್ಲಿ ನಿಂತು, ತಿರುಗಿ ನಮ್ಮನ್ನೇ ನೋಡುತ್ತ ಕಾಯತೊಡಗಿದ.

“ಪಾಪ, ತಿರುಗಿ ಆಕಡೆ” ಅಂದಳು.

ಇಬ್ಬರೂ ಕೈ ಬಿಡದೆ, ಮೆಲ್ಲಗೆ, ಅವನಿಗೆ ಬೆನ್ನು ಮಾಡಿ ನಿಂತೆವು. ಅವಳು ಹಾಡಲು ಶುರು ಮಾಡಿದಳು. ನಾನು ‘ಬಗ್ಗಿಸು, ಬಿಡು’ ಅಂದೆ.